ಬೈಲಪ್ಪನವರ ಕಳೆದುಹೋದ ಕೆಮ್ಮು

ಬೆಳಗ್ಗೆ ಐದು ಗಂಟೆಗೆ ಬೈಲಪ್ಪನವರಿಗೆ ಎಚ್ಚರವಾಯಿತು. ಹಾಸಿಗೆಯ ಮೇಲೆ ಎದ್ದು ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡು ಕಾದರು. ಏನೂ ಬರಲಿಲ್ಲ. ಗಂಟಲು ಕೆರೆದು ಇನ್ನೊಮ್ಮೆ ಕಾದರು. ಎಣ್ಣೆ ಬಿಟ್ಟ ಕೀಲಿನ ಬಾಗಿಲಿನ ಹಾಗೆ ಉಸಿರು ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಹೊರಗೆ ಬಂತು. ಬೈಲಪ್ಪನವರ ಎದೆ ಧಸಕ್ಕೆಂದಿತು.

"ಏನೇ, ಏಳೇ!" ಎಂದು ಹೆಂಡತಿಯನ್ನು ಅಲುಗಾಡಿಸಿದರು. "ಕೆಮ್ಮು ಬರ್ತಾ ಇಲ್ಲ ಕಣೇ!"

ರಾಮಲಕ್ಷ್ಮಮ್ಮ ಗಾಬರಿಬಿದ್ದು ಎದ್ದು ಕೂತರು. "ಅಯ್ಯೋ ದೇವ್ರೇ, ಇವತ್ತೂ ಇಲ್ವಾ? ಸರ್ಯಾಗಿ ನೋಡ್ಕೊಳ್ರೀ, ಎಲ್ಲಾದ್ರೂ ಒಂದಿಷ್ಟು ಇರ್ಬೋದು."

ಬೇರೆ ಯಾರ ಮನೆಯಲ್ಲಾದರೂ ಇದು ಸಂತೋಷದ ಸುದ್ದಿ. ಹೊರಮಾವಿನ ಈ ಮನೆಯಲ್ಲಿ ಮಾತ್ರ ರಾತ್ರಿ ಕಳ್ಳರು ನುಗ್ಗಿ ಇದ್ದಬದ್ದದ್ದನ್ನೆಲ್ಲ ಹೊತ್ತುಕೊಂಡು ಹೋದಂತೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಬೈಲಪ್ಪನವರ ಕೆಮ್ಮು ಅಂಥಿಂಥ ಕೆಮ್ಮಲ್ಲ. ಹದಿನೆಂಟು ವರ್ಷ ಆ ಬೀದಿಗೆ ಅದೇ ಗಡಿಯಾರ. ಅದು ಕೇಳಿದ ಮೇಲೆಯೇ ಪಕ್ಕದ ಮನೆಯ ದೊಡ್ಡಮುನಿಯಮ್ಮ ಹಾಲು ಕರೆಯಲು ಏಳುತ್ತಿದ್ದದ್ದು. ಸರ್ಕಾರಿ ತೂಕಯಂತ್ರ ಕಾರ್ಖಾನೆಯಲ್ಲಿ, ಅಂದರೆ ಜನರ ಬಾಯಲ್ಲಿ ತಕ್ಕಡಿ ಫ್ಯಾಕ್ಟರಿಯಲ್ಲಿ, ಬೈಲಪ್ಪನವರು ರೆಕಾರ್ಡ್ ರೂಮಿನ ಗುಮಾಸ್ತರು. ಶಿವಾಜಿನಗರದ ಹಳೆಯ ಆಫೀಸು ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯವಾಗಿತ್ತಂತೆ. ಅದರ ಹಿಂಬದಿಯ ಕೋಣೆಯೇ ರೆಕಾರ್ಡ್ ರೂಮು. ಇದ್ದ ಒಂದೇ ಕಿಟಕಿಗೆ ಹಳೆಯ ಕಡತಗಳ ಗಂಟುಗಳನ್ನು ಅಡ್ಡ ಒಟ್ಟಿದ್ದರು. ಅಲ್ಲಿ ದಿನಕ್ಕೆ ಎಂಟು ಗಂಟೆ ಉಸಿರಾಡಿದವರು ಕೆಮ್ಮದೆ ಇನ್ನೇನು ಮಾಡಿಯಾರು?

ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ನೌಕರನಿಗೆ ಐವತ್ತೈದು ತುಂಬುವುದರೊಳಗೆ ವೈದ್ಯಕೀಯ ಮಂಡಳಿಯವರು 'ಕೆಲಸಕ್ಕೆ ಅನರ್ಹ' ಎಂದು ಬರೆದುಕೊಟ್ಟರೆ, ಅವನ ಮಕ್ಕಳಲ್ಲಿ ಒಬ್ಬರಿಗೆ ಕೆಲಸ. ಬೈಲಪ್ಪನವರಿಗೆ ಇದ್ದವಳು ಒಬ್ಬಳೇ ಮಗಳು, ಹಂಸ. ಬಿ.ಕಾಂ. ಮುಗಿಸಿ ಮೂರು ವರ್ಷವಾಗಿತ್ತು. ಅರ್ಜಿ ಹಾಕಿ ಹಾಕಿ, ಅರ್ಜಿಗೆ ಅಂಟಿಸುವ ಫೋಟೋದಲ್ಲಿದ್ದ ಹುಡುಗಿಗೂ ಅವಳಿಗೂ ಹೋಲಿಕೆಯೇ ಕಡಿಮೆಯಾಗುತ್ತಿತ್ತು. ಹಾಗಾಗಿ ಹೋದ ವರ್ಷ, ಕೆಮ್ಮು ಉಚ್ಛ್ರಾಯದಲ್ಲಿದ್ದಾಗ, ಬೈಲಪ್ಪನವರು ಅರ್ಜಿ ಕೊಟ್ಟರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅರ್ಜಿ ತೆಗೆದುಕೊಂಡ ಗುಮಾಸ್ತನೇ ಇವರ ಕೆಮ್ಮಿಗೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಆದರೆ ಆ ಅರ್ಜಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ನಡೆದು ಬರುವಷ್ಟರಲ್ಲಿ ಆಫೀಸೇ ಶಿವಾಜಿನಗರದಿಂದ ಮಹದೇವಪುರಕ್ಕೆ ನಡೆದುಬಿಟ್ಟಿತು. ರಿಂಗ್ ರೋಡಿನ ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ ಐದು ಅಂತಸ್ತಿನ ಹಸಿರು ಕಟ್ಟಡಕ್ಕೆ, ಅಂದರೆ 'ಗ್ರೀನ್ ಬಿಲ್ಡಿಂಗಿಗೆ'.

ಅಲ್ಲಿ ಬಣ್ಣಕ್ಕೆ ವಾಸನೆಯಿಲ್ಲ. ಕೈತೊಳೆದ ನೀರು ಗಿಡಕ್ಕೆ ಹೋಗುತ್ತದೆ. ಜನ ಬಂದರೆ ದೀಪ ತಾನೇ ಹತ್ತುತ್ತದೆ, ಎದ್ದುಹೋದರೆ ತಾನೇ ಆರುತ್ತದೆ. ಬಾಗಿಲಲ್ಲಿ ಕಾಲೊರೆಸಲು ಹದಿನೈದು ಅಡಿ ಉದ್ದದ ಕಂಬಿಚಾಪೆ. ಅದನ್ನು ದಾಟುವಷ್ಟರಲ್ಲಿ ಚಪ್ಪಲಿಯ ಮಣ್ಣೆಲ್ಲ ಕೆಳಗೆ. ಸೂರಿನ ಕೊಳವೆಗಳಿಂದ ಸೋಸಿದ ಗಾಳಿ ತಣ್ಣಗೆ ಇಳಿಯುತ್ತದೆ. ಗೋಡೆಯ ಮೇಲೊಂದು ಡಬ್ಬಿ, ಗಾಳಿ ಶುದ್ಧವಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ನಾಲ್ಕು ತಿಂಗಳಲ್ಲಿ ಆ ಕೆಂಪು ದೀಪವನ್ನು ಕಂಡವರೇ ಇರಲಿಲ್ಲ. ಟೈಪಿಸ್ಟ್ ಭಾಗ್ಯಲಕ್ಷ್ಮಿಯ ಹತ್ತು ವರ್ಷದ ತಲೆನೋವು ಹೇಳದೆ ಕೇಳದೆ ಹೋಯಿತು. ಊಟವಾದ ಮೇಲೆ ಯಾರಿಗೂ ತೂಕಡಿಕೆ ಬರುತ್ತಿರಲಿಲ್ಲ. ಇದನ್ನು ಪ್ರತಿಭಟಿಸಬೇಕೋ ಬೇಡವೋ ತಿಳಿಯದೆ ಯೂನಿಯನ್ನಿನವರು ಸುಮ್ಮನಿದ್ದರು.

ಬೈಲಪ್ಪನವರ ಕೆಮ್ಮು ಮೊದಲ ವಾರ ಅರ್ಧವಾಯಿತು, ಎರಡನೆಯ ವಾರ ಕಾಲಾಯಿತು, ತಿಂಗಳು ಕಳೆಯುವಷ್ಟರಲ್ಲಿ ನಾಪತ್ತೆ. ಮೊದಮೊದಲು ಅವರಿಗೆ ಖುಷಿಯಾದದ್ದು ನಿಜ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ರಾತ್ರಿ ಮಗುವಿನಂತೆ ನಿದ್ದೆ. ಆಮೇಲೆ ಒಂದು ದಿನ ಕಾಗದ ಬಂತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗತಕ್ಕದ್ದು. ಓದಿದವರಿಗೆ ಸಿಡಿಲು ಹೊಡೆದಂತಾಯಿತು. ಮುಂದಿನ ಮಂಗಳವಾರಕ್ಕೆ ಅವರಿಗೆ ಐವತ್ತೈದು ತುಂಬುತ್ತಿತ್ತು. ಇನ್ನೊಂದು ತಾರೀಕಿಗೆ ಜಾಗವೇ ಇರಲಿಲ್ಲ.

ಆ ಶುಕ್ರವಾರವೇ ಇದು.

"ನೀವು ಸುಮ್ನೆ ಅಡುಗೆಮನೆ ಒಳಗೆ ಬನ್ರಿ" ಎಂದರು ರಾಮಲಕ್ಷ್ಮಮ್ಮ ಸೆರಗು ಬಿಗಿದು. ಬಾಗಿಲು ಹಾಕಿ, ಬಾಣಲೆಗೆ ಎರಡು ಹಿಡಿ ಗುಂಟೂರು ಮೆಣಸಿನಕಾಯಿ ಸುರಿದು ಹುರಿಯತೊಡಗಿದರು. ಘಾಟು ಎದ್ದಿತು. ರಾಮಲಕ್ಷ್ಮಮ್ಮ ಕೆಮ್ಮಿದರು. ನಡುಮನೆಯಲ್ಲಿ ಹಂಸ ಕೆಮ್ಮಿದಳು. ಬೀದಿಯಲ್ಲಿ ಸೊಪ್ಪು ಮಾರುವವಳು ಕೆಮ್ಮುತ್ತ ಗಾಡಿ ತಳ್ಳಿಕೊಂಡು ಓಡಿದಳು. ಬೈಲಪ್ಪನವರು ಮಾತ್ರ ಒಲೆಯ ಪಕ್ಕದಲ್ಲಿ, ಸುಗಂಧರಾಜದ ತೋಟದಲ್ಲಿ ನಿಂತವರಂತೆ, ದೀರ್ಘವಾಗಿ ಉಸಿರೆಳೆದುಕೊಳ್ಳುತ್ತ ನಿಂತಿದ್ದರು. ಅವರಿಗೇ ನಂಬಲಾಗಲಿಲ್ಲ. ಬೇಕಾದಾಗ ಒಂದು ಕೆಮ್ಮು ಕೊಡದ ಈ ಎದೆಯನ್ನು ಏನು ಮಾಡಬೇಕು?

ದೊಡ್ಡಮುನಿಯಮ್ಮ ಕಣ್ಣು ಮೂಗು ಒರೆಸಿಕೊಳ್ಳುತ್ತ ನುಗ್ಗಿ ಬಂದಳು. "ಏನ್ಲಾ ಬೈಲಪ್ಪ, ಬೀದಿಯೋರ್ನೆಲ್ಲ ಸಾಯಿಸ್ಬೇಕು ಅಂತ ಮಾಡಿದ್ದೀಯಾ?"

ವಿಷಯ ಕೇಳಿದ ಮೇಲೆ ಮುದುಕಿ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಹೊಸ ಹುರುಪಿನಿಂದ ಮನೆಗೆ ಓಡಿ, ಹುಳಿ ಮೊಸರು, ಗಿಣ್ಣು, ಬಾಳೆಹಣ್ಣಿನಂಥ ಕಫದ ಪದಾರ್ಥಗಳನ್ನೆಲ್ಲ ತಂದು ಸುರಿದಳು. ಫ್ರಿಜ್ಜಿನ ನೀರೂ ಬಂತು. ಬೈಲಪ್ಪನವರು ಎಲ್ಲವನ್ನೂ ನುಂಗಿದರು. ಕೊನೆಗೆ ಒಂದು ತೇಗು ಬಂತು.

"ಅಪ್ಪಾ" ಎಂದಳು ಹಂಸ ಬಾಗಿಲಲ್ಲಿ ನಿಂತು. "ಬರ್ದಿದ್ರೆ ಬಿಡಿ. ನೀವು ಚೆನ್ನಾಗಿದ್ರೆ ಸಾಕು ನಂಗೆ." ಆದರೆ ಅವಳು ಕೆಲಸಕ್ಕೆಂದು ಹೊಲಿಸಿಟ್ಟ ಎರಡು ಚೂಡಿದಾರ್ ಬೀರುವಿನಲ್ಲಿ ಇಸ್ತ್ರಿಯ ಮಡಿಕೆ ಕೆಡದೆ ಕಾಯುತ್ತಿರುವುದು ಬೈಲಪ್ಪನವರಿಗೆ ಗೊತ್ತಿತ್ತು. ಕೆಮ್ಮಲಾರದ ತಂದೆ ತಲೆ ತಗ್ಗಿಸಿದರು.

ಅಷ್ಟರಲ್ಲಿ ಹೊರಗೆ ಸ್ಕೂಟರು ನಿಂತಿತು. ಬಂದವನು ಅಂಜನಮೂರ್ತಿ. ಬಾಣಸವಾಡಿಯವನು, ಅದೇ ಆಫೀಸಿನಲ್ಲಿ ಟಪಾಲು ವಿಭಾಗದವನು, ಪರರ ಕಷ್ಟವೆಂದರೆ ಊಟ ಬಿಟ್ಟು ಓಡಿಬರುವವನು. ಓಡಿಬಂದ ಮೇಲೆ ಕಷ್ಟ ಹೆಚ್ಚಾಗುತ್ತಿತ್ತು ಅನ್ನುವುದು ಬೇರೆ ಮಾತು.

"ಬೈಲಪ್ಪಣ್ಣ, ನಿಮಗೆ ಮಂಡೆ ಇಲ್ವಾ?" ಎಂದ ಕಥೆ ಕೇಳಿ. "ಮೆಣಸಿನಕಾಯಿದೆಲ್ಲಾ ಡೂಪ್ಲಿಕೇಟ್ ಕೆಮ್ಮು. ನಿಮ್ಮ ಒರಿಜಿನಲ್ ಕೆಮ್ಮು ಎಲ್ಲಿ ಹುಟ್ಟಿದ್ದು? ರೆಕಾರ್ಡ್ ರೂಮಲ್ಲಿ. ಅಲ್ಲಿಗೇ ಹೋಗ್ಬೇಕು. ಹತ್ತಿ ಗಾಡಿ, ಇಬ್ಬರಿಗೂ ಅರ್ಧ ದಿನ ರಜಾ ಹೇಳ್ಬಿಟ್ಟೇ ಬಂದಿದ್ದೀನಿ."

ಶಿವಾಜಿನಗರದ ಹಳೆಯ ಕಟ್ಟಡಕ್ಕೆ ಈಗ ಕಾವಲುಗಾರ ಅಕ್ತರ್ ಒಬ್ಬನೇ ದಿಕ್ಕು. ನಾಲ್ಕು ತಿಂಗಳಿಂದ ಮಾತನಾಡಲು ಜನರಿಲ್ಲದೆ ಕೂತಿದ್ದವನು ಇಬ್ಬರನ್ನೂ ಕಂಡು ಎದ್ದೇಬಿಟ್ಟ. "ಅರೆ ಬೈಲಪ್ಪ ಸಾಬ್! ಎಷ್ಟ್ ದಿನ ಆಯ್ತು! ಏನ್ ಸಾಬ್, ಕೆಮ್ತಾನೇ ಇಲ್ಲ? ತಬಿಯತ್ ಸರಿ ಇಲ್ವಾ?"

ರೆಕಾರ್ಡ್ ರೂಮು ತೆಗೆಯಬೇಕು ಎಂದಾಗ ಅವನು ಬೆಚ್ಚಿದ. "ನೀವು ಹೋದ್ಮೇಲೆ ತೆಗ್ದೇ ಇಲ್ಲ ಸಾಬ್. ಒಳಗೆ ಉಸಿರು ಕಟ್ಟುತ್ತೆ."

"ಅದೇ ಬೇಕಾಗಿರೋದು" ಎಂದ ಅಂಜನಮೂರ್ತಿ.

ಬಾಗಿಲು ನರಳುತ್ತ ತೆರೆಯಿತು. ಸಾಗಿಸದೆ ಬಿಟ್ಟಿದ್ದ ಹಳೆಯ ಕಡತಗಳ ಗಂಟುಗಳು ಸೂರಿನವರೆಗೂ ಹಾಗೇ ನಿಂತಿದ್ದವು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ಬೈಲಪ್ಪನವರು ತವರಿಗೆ ಬಂದ ಹೆಣ್ಣುಮಗಳ ಹಾಗೆ ಬಾಗಿಲನ್ನು ಸವರಿದರು. ಒಳಗೆ ಹೋಗಿ ತಮ್ಮ ಹಳೆಯ ಕುರ್ಚಿಯ ಮೇಲೆ ಕೂತರು. ಅಂಜನಮೂರ್ತಿ ಅಂಗಿಯ ತೋಳು ಮಡಚಿ, ಸಾವಿರದ ಒಂಬೈನೂರ ಅರವತ್ತೆರಡರ ದಾಸ್ತಾನು ಕಡತವನ್ನು ಕೆಳಗೆಳೆದು, ಅವರ ಮುಖದ ಮುಂದೆ ಕೋಲಿನಿಂದ ಬಡಿಯತೊಡಗಿದ. ಟಪಾಲು ವಿಭಾಗ ರಸ್ತೆಬದಿಯ ಕಿಟಕಿಯ ಪಕ್ಕದಲ್ಲಿತ್ತು. ಆ ಪುಣ್ಯಾತ್ಮ ಇಪ್ಪತ್ತು ವರ್ಷದಲ್ಲಿ ಈ ಕೋಣೆಗೆ ಕಾಲಿಟ್ಟವನಲ್ಲ. ಬಡಿದ ಧೂಳಿನಲ್ಲಿ ಮುಕ್ಕಾಲು ಪಾಲು ಅವನಿಗೇ ಹೋಯಿತು.

ಐದು ನಿಮಿಷ, ಹತ್ತು ನಿಮಿಷ. ಕಾಲು ಗಂಟೆಗೆ ಬೈಲಪ್ಪನವರ ಎದೆಯ ಆಳದಲ್ಲೆಲ್ಲೋ ಏನೋ ಅಲುಗಿತು. ಹೊಟ್ಟೆಯಿಂದ ಎದ್ದು, ಪಕ್ಕೆಗಳನ್ನು ಅಲ್ಲಾಡಿಸಿ, ಗೋಡೆಯ ಹಲ್ಲಿಯನ್ನು ಕೆಳಗೆ ಬೀಳಿಸಿ ಹೊರಗೆ ಬಂತು.

"ಬಂತು! ಮೂರ್ತಿ, ಬಂತು ಕಣಯ್ಯಾ!" ಎಂದು ಬೈಲಪ್ಪನವರು ಕೆಮ್ಮಿನ ನಡುವೆಯೇ ಕೂಗಿದರು. ಕಣ್ಣಲ್ಲಿ ಆನಂದಬಾಷ್ಪ. ಅಂಜನಮೂರ್ತಿಗೂ ಕೆಮ್ಮು ಶುರುವಾಗಿದ್ದರಿಂದ ಅವನು ತಲೆಯಾಡಿಸಿ ಅಭಿನಂದಿಸಿದ.

ಅಕ್ತರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಯಾ ಅಲ್ಲಾ, ಕೆಮ್ಮು ಬೇಕು ಅಂತ ಬರೋರ್ನ ಇದೇ ಮೊದ್ಲು ನೋಡ್ತಿರೋದು." ಆದರೂ ಹಳೆಯ ಸ್ನೇಹ. ಹೊರಡುವಾಗ ಬೀರುವಿನ ಮೇಲಿನ ಧೂಳನ್ನು ಬಳಿದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಬೈಲಪ್ಪನವರ ಜೇಬಿಗೆ ಹಾಕಿದ. "ದಾರೀಲಿ ನಿಂತೋದ್ರೆ ಇದನ್ನ ಮೂಸಿ ಸಾಬ್."

ದಾರಿಯಲ್ಲಿ ನಿಲ್ಲಲಿಲ್ಲ. ಹಲಸೂರಿನ ಕೆರೆ ದಾಟುವಾಗ ಕೆಮ್ಮು ಭರ್ತಿಯಾಗಿತ್ತು. ಟಿನ್ ಫ್ಯಾಕ್ಟರಿಯ ಹತ್ತಿರ ಲಾರಿಗಳು ಹೊಗೆ ಬಿಟ್ಟು ಅದನ್ನು ಪೋಷಿಸಿದವು. ಮುಂದೆ ಕೂತವನೊಂದು, ಹಿಂದೆ ಕೂತವರೊಂದು, ಜುಗಲ್ಬಂದಿಯ ಹಾಗೆ ಕೆಮ್ಮುತ್ತ ಎರಡೂವರೆಗೆ ಮಹದೇವಪುರ ತಲುಪಿದರು. ಹಂಸಳ ಕೆಲಸ ಆದಂತೆಯೇ ಎಂದುಕೊಂಡು ಬೈಲಪ್ಪನವರು ಕಂಬಿಚಾಪೆಯ ಮೇಲೆ ಕಾಲಿಟ್ಟರು.

ಅಲ್ಲಿಂದ ಇಳಿಗಾಲ ಶುರುವಾಯಿತು. ಚಾಪೆ ಚಪ್ಪಲಿಯ ಧೂಳನ್ನು ಕಿತ್ತುಕೊಂಡಿತು. ಒಳಗೆ ಹೋದರೆ ತಲೆಯ ಮೇಲಿನಿಂದ ತಣ್ಣನೆಯ ಗಾಳಿ, ತಾಯಿ ಹಣೆ ಸವರಿದಂತೆ. ಎರಡೂ ನಲವತ್ತಕ್ಕೆ ಕೆಮ್ಮಿನ ನಡುವೆ ಬಿಡುವು ಕಾಣಿಸಿತು. ಎರಡೂ ಐವತ್ತಕ್ಕೆ ಬರೀ ಗಂಟಲು ಕೆರೆತ. ಮಂಡಳಿ ಕೂತ ಕೋಣೆಯ ಮುಂದೆ ಅಟೆಂಡರ್ ಪಿಳ್ಳಪ್ಪ ನಿಂತಿದ್ದ.

"ಡಾಕ್ಟ್ರು ಊಟಕ್ಕೆ ಕೂತವ್ರೆ. ಇನ್ನೂ ಅರ್ಧ ಗಂಟೆ ಆಗ್ತದೆ."

ಅರ್ಧ ಗಂಟೆ ಈ ಗಾಳಿಯಲ್ಲಿ! ಅಷ್ಟರಲ್ಲಿ ಆನೆಗೆ ಬಂದ ಕೆಮ್ಮೂ ವಾಸಿಯಾದೀತು.

"ಪೊಟ್ಟಣ ತೆಗೀರಿ" ಎಂದು ಅಂಜನಮೂರ್ತಿ ಪಿಸುಗುಟ್ಟಿದ.

ಕಾರಿಡಾರಿನ ಮೂಲೆಯಲ್ಲಿ ನಿಂತು ಪೊಟ್ಟಣ ಬಿಚ್ಚಿದರು. ಮೂಗಿನ ಹತ್ತಿರ ತರುವಷ್ಟರಲ್ಲಿ ಧೂಳು ತಾನೇ ಎದ್ದು, ನೂಲು ಎಳೆದಂತೆ, ಸೂರಿನ ಜಾಲರಿಯೊಳಗೆ ಹೋಗತೊಡಗಿತು. ಗೋಡೆಯ ಡಬ್ಬಿ ಪೀಪೀ ಎಂದು ಅರಚಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಕೆಂಪು ದೀಪ! ನೋಡಲು ಮಹಡಿಯ ಜನವೆಲ್ಲ ಎದ್ದು ಬಂದರು. ಭಾಗ್ಯಲಕ್ಷ್ಮಿ ಬಾಯಿಗೆ ಸೆರಗು ಹಿಡಿದು ನಿಂತಳು. ಒಳಗಿನ ಯಾವುದೋ ಯಂತ್ರ ಗುರ್ರೆಂದು ಎಚ್ಚೆತ್ತು ಎರಡರಷ್ಟು ಗಾಳಿ ಬಿಟ್ಟಿತು. ಎರಡೇ ನಿಮಿಷದಲ್ಲಿ ಕಾರಿಡಾರು ನಂದಿಬೆಟ್ಟದ ತುದಿಯಾಯಿತು. ಡಬ್ಬಿ ಮತ್ತೆ ಹಸಿರಾಗಿ ನಕ್ಕಿತು.

ಪರ್ಸೊನೆಲ್ ಮ್ಯಾನೇಜರ್ ಸುಗತ ಓಡಿಬಂದರು. ಈ ಕಟ್ಟಡವೆಂದರೆ ಅವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗುವಿದ್ದಂತೆ. "ಯಾರ್ರೀ ಅದು? ಏನಾಯ್ತು? ಮುಂದಿನ ವಾರ ಇನ್ಸ್‌ಪೆಕ್ಷನ್ ಇದೆ, ಗೊತ್ತಾ ನಿಮಗೆ? ಒಂದು ಕೆಂಪು ದೀಪ ಬಂದ್ರೂ ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್ ಹೋಯ್ತು!" ಅವರು ಜಾಲರಿಗಳನ್ನು ಮೂಸುತ್ತ ಮಂಡಳಿಯ ಕೋಣೆಯೊಳಗೆ ಹೋದರು.

ಪೊಟ್ಟಣದಲ್ಲಿ ಇನ್ನು ಒಂದು ಚಿಟಿಕೆ ಉಳಿದಿತ್ತು. "ಈ ಸಲ ನಾನು ಊದ್ತೀನಿ, ನೀವು ಎಳ್ಕೊಳ್ಳಿ" ಎಂದ ಅಂಜನಮೂರ್ತಿ. ಕೆನ್ನೆ ಉಬ್ಬಿಸಿ ಊದಿದ. ಮೇಲಿನಿಂದ ಬಂದ ಗಾಳಿ ಆ ಚಿಟಿಕೆಯನ್ನು ತಿರುಗಿಸಿ, ಊದಿದವನ ಬಾಯಿ ಮೂಗಿಗೇ ಒಪ್ಪಿಸಿತು. ಅದೇ ಹೊತ್ತಿಗೆ ಪಿಳ್ಳಪ್ಪ ಕೂಗಿದ. "ಬೈಲಪ್ಪ! ಒಳಗೆ ಬರ್ಬೇಕಂತೆ!"

ಒಳಗೆ ಡಾಕ್ಟರ್ ಸುಕನ್ಯ ಮತ್ತು ಸುಗತ ಕೂತಿದ್ದರು. ಬೈಲಪ್ಪನವರು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೆಮ್ಮಿದರು. ಮೂರು ಬಂತು. ಮೂರೂ ಅಸಲಿ.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬೇರಿಸಿದರು. "ಬೈಲಪ್ಪನವರೇ, ಎದೆಯಲ್ಲಿ ಸ್ವಲ್ಪ ಗೊರಗೊರ ಇದೆ. ಆದ್ರೆ ಈ ರಿಜಿಸ್ಟರ್ ನೋಡಿ. ಹೋದ ವರ್ಷ ನಲವತ್ತಾರು ದಿನ ಸಿಕ್ ಲೀವು, ಈ ಕಟ್ಟಡಕ್ಕೆ ಬಂದ್ಮೇಲೆ ಒಂದೂ ಇಲ್ಲ. ಇವತ್ತೇ ಹೇಗೆ ಕೆಮ್ಮು? ನಿಮ್ಮ ಕಿವಿ ಮೇಲೆ ಜೇಡರ ಬಲೆ ಬೇರೆ ಇದೆ."

ಬೈಲಪ್ಪನವರು ಕಿವಿ ಒರೆಸಿಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಜೀವ. "ಬೆಳಗ್ಗೆ ಹಳೇ ರೆಕಾರ್ಡ್ ರೂಮಿಗೆ ಹೋಗಿದ್ದೆ ಮೇಡಂ. ಒಂದು ಕಡತ ನೋಡೋದಿತ್ತು."

"ಹೋಗಿ ಎಷ್ಟು ಹೊತ್ತಿಗೆ ಕೆಮ್ಮು ಬಂತು?"

"ಕಾಲು ಗಂಟೆಗೆ ಮೇಡಂ!" ಎಂದರು ಹೆಮ್ಮೆಯಿಂದ. ಡಾಕ್ಟರ ಮುಖದಲ್ಲಿ ಕರುಣೆ ಕಂಡಂತಾಗಿ ಧೈರ್ಯ ಬಂತು. ಇನ್ನಷ್ಟು ಸೇರಿಸಿದರೆ ಕೇಸು ಗಟ್ಟಿಯಾಗುತ್ತದೆ ಅನ್ನಿಸಿತು. "ಮನೇಲೂ ಹಂಗೇ ಮೇಡಂ. ಹೊರಮಾವು ಈಗ ಮೊದ್ಲಿನ ಹಂಗಿಲ್ಲ. ನಾಲ್ಕೂ ಕಡೆ ಅಪಾರ್ಟ್‌ಮೆಂಟ್ ಕಟ್ತಾವ್ರೆ, ಬರೀ ಸಿಮೆಂಟ್ ಧೂಳು. ಇವತ್ತು ಮನೆಯವಳು ಮೆಣಸಿನಕಾಯಿ ಬೇರೆ ಹುರಿದ್ಲು, ಹೊಗೆ ಅಂದ್ರೆ ಹೊಗೆ."

ಡಾಕ್ಟರ್ ಸುಕನ್ಯ ಪೆನ್ನು ಕೆಳಗಿಟ್ಟರು. "ಅಯ್ಯಯ್ಯೋ, ನಿಮ್ಮನ್ನ ಆ ಮನೆಗೆ ಕಳಿಸ್ಬೇಕಾ ನಾನು? ಸಾಯಿಸಿದ ಪಾಪ ನನಗೇ ಬರುತ್ತೆ. ನೋಡಿ, ನಿಮ್ಮ ಕಾಯಿಲೆಗೆ ಔಷಧಿ ಅಂತ ಏನಾದ್ರೂ ಇದ್ರೆ ಈ ಕಟ್ಟಡಾನೇ. ನಾಲ್ಕು ತಿಂಗಳು ಡೋಸು ತಗೊಂಡಿದ್ದೀರಿ, ಗುಣ ಆಗಿದೆ. ಬಿಡ್ಬಾರ್ದು."

ಬರೆಯುತ್ತ ಓದಿದರು. "ಕೆಲಸಕ್ಕೆ ಅರ್ಹ. ಹೊರಗಿನ ಡ್ಯೂಟಿ ಕೊಡಕೂಡದು. ಊಟ ಒಳಗೇ ಮಾಡತಕ್ಕದ್ದು. ಆರೋಗ್ಯದ ದೃಷ್ಟಿಯಿಂದ ರಜೆಯ ದಿನವಾದ ಶನಿವಾರಗಳಲ್ಲೂ ಕಟ್ಟಡದೊಳಗೆ ಇರತಕ್ಕದ್ದು."

"ಶನಿವಾರನೂ?" ಎಂದರು ಬೈಲಪ್ಪನವರು. "ಮೇಡಂ, ನನ್ ಮಗಳು... ಮಂಗಳವಾರಕ್ಕೆ ನಂಗೆ ಐವತ್ತೈದು..."

"ಮುಂಗಡವಾಗಿ ಶುಭಾಶಯ" ಎಂದರು ಸುಗತ ಸಂತೋಷದಿಂದ. "ನಿಮ್ಮ ಲೀವ್ ರೆಕಾರ್ಡನ್ನೇ ಇನ್ಸ್‌ಪೆಕ್ಷನ್ ರಿಪೋರ್ಟಲ್ಲಿ ಹಾಕ್ತಿದ್ದೀವಿ ಬೈಲಪ್ಪನವ್ರೇ. ಫೋಟೋ ಸಮೇತ."

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಅಂಜನಮೂರ್ತಿ ಎದೆ ಹಿಡಿದುಕೊಂಡು, ಕಣ್ಣು ಕೆಂಪಾಗಿ, ನೀರು ನೀರು ಎಂದು ಸನ್ನೆ ಮಾಡುತ್ತ ಒಳಗೆ ಬಿದ್ದ. ಜೊತೆಗೆ ಕೆಮ್ಮು. ಅದು ಮೂರಕ್ಕೆ ನಿಲ್ಲುವ ಕೆಮ್ಮಲ್ಲ. ಮೇಜಿನ ಮೇಲಿನ ಪೇಪರ್‌ವೇಯ್ಟ್ ನಡುಗಿತು. ಸುಗತ ಕುರ್ಚಿಯಿಂದ ಎದ್ದುಬಿಟ್ಟರು.

"ಯಾರಿವರು? ಎಲ್ಲಿ ಕೆಲಸ?" ಎಂದು ಡಾಕ್ಟರು ಗಾಬರಿಯಿಂದ ಕೇಳಿದರು.

"ಇದೇ ಮಹಡಿ ಮೇಡಂ. ಟಪಾಲು ವಿಭಾಗ" ಎಂದರು ಸುಗತ.

"ನಾಲ್ಕು ತಿಂಗಳಿಂದ ಈ ಗಾಳೀಲಿ ಇದ್ದೂ ಇಂಥ ಕೆಮ್ಮಾ?" ಡಾಕ್ಟರು ಅಂಜನಮೂರ್ತಿಯ ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದರು. ಅವರ ಮುಖ ಬಾಡಿತು. "ಸುಗತ ಅವ್ರೇ, ಇದಕ್ಕಿಂತ ಒಳ್ಳೆ ಗಾಳಿ ನಾವು ಯಾರಿಗೂ ಕೊಡೋಕಾಗಲ್ಲ. ಇದೇ ಇವರಿಗೆ ಒಗ್ಗಲಿಲ್ಲ ಅಂದ್ರೆ..."

ಮುಂದಿನ ವಾರ ಇನ್ಸ್‌ಪೆಕ್ಷನ್ನಿನವರು ಬಂದು ನಿಂತಾಗ ಈ ಕೆಮ್ಮು ಕಾರಿಡಾರಿನಲ್ಲಿ ಮೊಳಗುವುದನ್ನು ಸುಗತ ಮನಸ್ಸಿನಲ್ಲೇ ಕೇಳಿಸಿಕೊಂಡಿರಬೇಕು. ಡ್ರಾಯರ್ ಎಳೆದು 'ಕೆಲಸಕ್ಕೆ ಅನರ್ಹ' ಅರ್ಜಿಯ ಫಾರಂ ತೆಗೆದೇಬಿಟ್ಟರು. "ಮೂರ್ತಿ, ವಯಸ್ಸೆಷ್ಟು?"

ಅಂಜನಮೂರ್ತಿಗೆ ಮಾತು ಬರಲಿಲ್ಲ. ಬೆರಳಿನಲ್ಲಿ ಐದು, ಆಮೇಲೆ ಮೂರು ತೋರಿಸಿದ.

"ಐವತ್ಮೂರು. ಮಕ್ಕಳು?"

ಒಂದು ಬೆರಳು.

"ಮೇಡಂ, ಅವನಿಗೇನೂ ಆಗಿಲ್ಲ! ಅದು ಧೂಳು! ನನ್ನ ಧೂಳು ಮೇಡಂ ಅದು!" ಎಂದು ಬೈಲಪ್ಪನವರು ಕೂಗಿದರು. ಆಘಾತಗೊಂಡ ಗೆಳೆಯನ ಮಾತೆಂದುಕೊಂಡು ಡಾಕ್ಟರು ಅವರ ಭುಜ ತಟ್ಟಿ, ಪಿಳ್ಳಪ್ಪನ ಕೈಯಲ್ಲಿ ಹೊರಗೆ ಕಳಿಸಿದರು.

ಆ ಸಂಜೆ ಮನೆಯಲ್ಲಿ ಹಂಸ ಎಲ್ಲ ಕೇಳಿ, "ಹೋಗ್ಲಿ ಬಿಡಿ ಅಪ್ಪಾ" ಎಂದು ನಕ್ಕಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬೈಲಪ್ಪನವರಿಗೆ ಅನ್ನ ಸೇರಲಿಲ್ಲ.

ಅಂಜನಮೂರ್ತಿಯ ಕೆಮ್ಮು ಭಾನುವಾರಕ್ಕೇ ನಿಂತಿತು. ಅಷ್ಟರಲ್ಲಿ ಅವನು ಕೆಲಸಕ್ಕೆ ಅನರ್ಹ ಎಂಬ ಆದೇಶಕ್ಕೆ ಸಹಿ ಬಿದ್ದಿತ್ತು. "ನಾನು ಕೇಳ್ದೆನಾ ಬೈಲಪ್ಪಣ್ಣ? ನೀವೇ ಹೇಳಿ, ನಾನು ಕೇಳ್ದೆನಾ?" ಎಂದು ಮನೆಗೇ ಬಂದು ಅಲವತ್ತುಕೊಂಡ. ಹೋಗುವಾಗ ಒಂದು ಡಬ್ಬಿ ಮೈಸೂರುಪಾಕು ಇಟ್ಟು ಹೋದ.

ಮುಂದಿನ ತಿಂಗಳ ಮೊದಲ ಶನಿವಾರ. ರಜೆಯ ದಿನ, ಕಟ್ಟಡದಲ್ಲಿ ಬೇರಾರೂ ಇಲ್ಲ. ಬೈಲಪ್ಪನವರ ತಲೆಯ ಮೇಲಿನ ದೀಪ ಒಂದೇ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದ ದೀಪವೂ ಹತ್ತಿತು. ಹೊಸ ಅಂಗಿ ತೊಟ್ಟ ಯುವಕನೊಬ್ಬ ಬಂದು ನಿಂತಿದ್ದ.

"ನಮಸ್ಕಾರ ದೊಡ್ಡಪ್ಪ. ನಾನು ವಸಂತ್, ಅಂಜನಮೂರ್ತಿಯವ್ರ ಮಗ. ಸೋಮವಾರದಿಂದ ನಿಮ್ಮ ಜೊತೆಗೇ ಹಾಕವ್ರೆ. ಶನಿವಾರನೂ ನೀವು ಇರ್ತೀರ, ಹೋಗಿ ಕೆಲಸ ಕಲ್ತ್ಕೋ ಅಂತ ಅಪ್ಪ ಕಳಿಸಿದ್ರು."

ಬೈಲಪ್ಪನವರು ಪಕ್ಕದ ಕುರ್ಚಿ ತೋರಿಸಿದರು. ಹಂಸಳಿಗೆಂದು ಅವರೇ ಆರಿಸಿಟ್ಟಿದ್ದ ಕುರ್ಚಿ ಅದು. ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಜಾಗ. ಸೂರಿನಿಂದ ತಣ್ಣನೆಯ ಗಾಳಿ ಇಳಿಯಿತು. ಏನಾದರೂ ಹೇಳಬೇಕೆಂದು ಅವರು ಎದೆ ತುಂಬ ಉಸಿರೆಳೆದುಕೊಂಡರು. ಕಣ್ಣಲ್ಲಿ ನೀರು ಬಂತು. ಕೆಮ್ಮು ಮಾತ್ರ ಬರಲಿಲ್ಲ.